ಸಿಲಿಕಾ ಮರಳಿನ ಗಣಿ: ಮಾನಕ ಅಳೆದದ್ದು, ಅಳೆಯದೆ ಬಿಟ್ಟದ್ದು

ತೈಲ ಮತ್ತು ನೈಸರ್ಗಿಕ ಅನಿಲದ ಉದ್ಯಮ ಕೊಳ್ಳುವ ಸಾಮಗ್ರಿಗಳ ಪಟ್ಟಿಯಲ್ಲಿ ಮರಳಿಗೆ ಮೇಲಿನ ಸ್ಥಾನವಿದೆ ಎಂದರೆ ಪದವಿ ತರಗತಿಯ ವಿದ್ಯಾರ್ಥಿಗಳು ಸಹ ನಂಬಲು ಹಿಂಜರಿಯುತ್ತಾರೆ. ಹೈಡ್ರಾಲಿಕ್ ಫ್ರಾಕ್ಚರಿಂಗ್ ಅಥವಾ ಚಿಕ್ಕದಾಗಿ ಫ್ರಾಕಿಂಗ್ ಎಂದು ಕರೆಯಲಾಗುವ ವಿಧಾನದ ಬಗ್ಗೆ ನಮ್ಮಲ್ಲಿ ಪ್ರಕಟವಾಗುವ ಲೇಖನಗಳಲ್ಲಿ ನೀರಿನ ಬಳಕೆ, ರಾಸಾಯನಿಕಗಳು, ಅಂತರ್ಜಲ, ಸಣ್ಣ ಭೂಕಂಪಗಳು ಇವೆಲ್ಲದರ ಚರ್ಚೆ ಇರುತ್ತದೆ. ಮರಳು ಒಂದು ವಾಕ್ಯದಲ್ಲಿ ಬಂದು ಹೋಗುತ್ತದೆ. ಆದರೆ ಬಾವಿಗೆ ತುಂಬುವ ಮಿಶ್ರಣದಲ್ಲಿ ಸುಮಾರು 90 ಭಾಗ ನೀರಾದರೆ 9 ಭಾಗದಷ್ಟು ಮರಳು. ಎಲ್ಲರೂ ಚರ್ಚಿಸುವ ರಾಸಾಯನಿಕಗಳು ಸೇರಿ ಒಂದು ಭಾಗವೂ ಆಗುವುದಿಲ್ಲ.

ಈ ಮರಳನ್ನು ಒದಗಿಸಲೆಂದೇ ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಪಶ್ಚಿಮ ಭಾಗದಲ್ಲಿ ಒಂದು ದಶಕದೊಳಗೆ ಗುಡ್ಡಗಳನ್ನು ಕಡಿದು ಗಣಿಗಳನ್ನು ತೆರೆಯಲಾಯಿತು. 2010ರ ಹೊತ್ತಿಗೆ ಬೆರಳೆಣಿಕೆಯಷ್ಟಿದ್ದ ಗಣಿ, ಸಂಸ್ಕರಣ ಘಟಕ ಮತ್ತು ರೈಲು ತುಂಬುವ ತಾಣಗಳ ಸಂಖ್ಯೆ ಕೆಲವೇ ವರ್ಷಗಳಲ್ಲಿ ನೂರನ್ನು ದಾಟಿತು. 2019 ಮತ್ತು 2020ರಲ್ಲಿ ಅವುಗಳ ಒಡೆತನದ ದೊಡ್ಡ ಕಂಪನಿಗಳು ಒಂದರ ಹಿಂದೊಂದು ದಿವಾಳಿ ಅರ್ಜಿ ಹಾಕಿದವು. ಇದನ್ನು ಕೇವಲ ತೈಲ ಬೆಲೆಯ ಏರಿಳಿತದ ಕಥೆಯೆಂದು ಅರ್ಥಶಾಸ್ತ್ರದವರಿಗೆ ಬಿಟ್ಟುಕೊಡುವುದು ಸರಿಯಲ್ಲ. ಈ ಗಣಿಗಳ ಸಮರ್ಥನೆ ನಿಂತಿದ್ದು ಒಂದು ಭೌತಿಕ ವಾದದ ಮೇಲೆ: ‘ನಮ್ಮ ಕಣ ಶ್ರೇಷ್ಠ, ಆದ್ದರಿಂದ ನಮ್ಮ ಮಾರುಕಟ್ಟೆ ಭದ್ರ’. ವಾದದ ಮೊದಲ ಅರ್ಧ ನಿಜ. ‘ಆದ್ದರಿಂದ’ ಎಂಬ ಪದ ಮಾತ್ರ ಭೌತಶಾಸ್ತ್ರದಿಂದ ಬಂದದ್ದಲ್ಲ. ಆ ವಾದವನ್ನೂ ಅದಕ್ಕೆ ಆಧಾರವಾದ ಮಾನಕವನ್ನೂ ಪರಿಶೀಲಿಸುವುದು ಈ ಲೇಖನದ ಉದ್ದೇಶ.

ಮರಳಿಗೆ ಬಾವಿಯಲ್ಲೇನು ಕೆಲಸ?

ಜೇಡುಪದರದ ಶಿಲೆಯಾದ ಶೇಲ್‌ನಲ್ಲಿ ತೈಲ, ಅನಿಲಗಳು ಸಿಕ್ಕಿಬಿದ್ದಿರುತ್ತವೆ. ಹೊರಬರಲು ದಾರಿ ಇರುವುದಿಲ್ಲ. ಅತ್ಯಧಿಕ ಒತ್ತಡದಲ್ಲಿ ನೀರನ್ನು ನುಗ್ಗಿಸಿದಾಗ ಶಿಲೆ ಬಿರುಕು ಬಿಡುತ್ತದೆ. ಪಂಪು ನಿಲ್ಲಿಸಿದೊಡನೆ ಮೇಲಿನ ಮತ್ತು ಅಕ್ಕಪಕ್ಕದ ಶಿಲೆಯ ಅದುಮುವಿಕೆಯಿಂದ ಆ ಬಿರುಕು ಮತ್ತೆ ಮುಚ್ಚಿಕೊಳ್ಳುತ್ತದೆ. ಮುಚ್ಚದಂತೆ ಅಡ್ಡ ನಿಲ್ಲುವುದು ನೀರಿನೊಡನೆ ಹೋದ ಮರಳು. ಉದ್ಯಮದಲ್ಲಿ ಇದಕ್ಕೆ ಪ್ರಾಪಂಟ್ ಎನ್ನುತ್ತಾರೆ. ಆಸರೆ ಮರಳು ಎಂದರೆ ಅರ್ಥ ಸ್ಪಷ್ಟವಾಗುತ್ತದೆ. ಆಸರೆ ಕಣ ಎರಡು ಕೆಲಸ ಮಾಡಬೇಕು. ಪುಡಿಯಾಗದೆ ಭಾರ ಹೊರಬೇಕು, ಮತ್ತು ಕಣಗಳ ನಡುವಿನ ಸಂದಿಯಲ್ಲಿ ತೈಲಕ್ಕೆ ದಾರಿ ಬಿಡಬೇಕು.

ಈ ವಿಧಾನದ ಮೊದಲ ಪ್ರಯೋಗ ನಡೆದದ್ದು 1947ರಲ್ಲಿ, ಕ್ಯಾನ್ಸಾಸ್‌ನ ಹ್ಯೂಗೋಟನ್ ಅನಿಲ ಕ್ಷೇತ್ರದಲ್ಲಿ. 1949ರ ಮಾರ್ಚ್‌ನಲ್ಲಿ ವಾಣಿಜ್ಯ ಬಳಕೆ ಆರಂಭವಾಯಿತು. ಆ ದಿನಗಳಲ್ಲಿ ಯಾರೂ ಶ್ರೇಷ್ಠ ಮರಳಿಗಾಗಿ ರೈಲು ಕಾಯಲಿಲ್ಲ. ಹತ್ತಿರದ ನದಿಯ ಮರಳನ್ನು ಜರಡಿ ಹಿಡಿದು ಬಳಸಿದರು. ಕಟ್ಟಡದ ಮರಳನ್ನು ಕಿಟಕಿಯ ಬಲೆಯಲ್ಲಿ ಸೋಸಿ ಬಳಸಿದ್ದೂ ಉಂಟು. ಈ ಸಣ್ಣ ಸಂಗತಿಯನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು.

ಬಾವಿಗಳು ಆಳವಾದಂತೆ, ಭಾರ ಹೆಚ್ಚಿದಂತೆ, ಒಳ್ಳೆಯ ಕಣದ ಹುಡುಕಾಟ ಶುರುವಾಯಿತು. ವಿಸ್ಕಾನ್ಸಿನ್, ಮಿನೆಸೋಟ, ಇಲಿನಾಯ್ ರಾಜ್ಯಗಳಲ್ಲಿರುವ ಜೋರ್ಡನ್, ವೋನೆವಾಕ್, ಸೇಂಟ್ ಪೀಟರ್ ಎಂಬ ಮರಳುಗಲ್ಲಿನ ಪದರಗಳು ಕೇಂಬ್ರಿಯನ್ ಮತ್ತು ಆರ್ಡೊವಿಶಿಯನ್ ಯುಗಗಳವು. 45ರಿಂದ 50 ಕೋಟಿ ವರ್ಷಗಳ ಹಿಂದೆ ಆಳವಿಲ್ಲದ ಕಡಲಿನ ಅಲೆಗಳೂ ದಡದ ಗಾಳಿಯೂ ಈ ಕಣಗಳನ್ನು ಮತ್ತೆ ಮತ್ತೆ ಉಜ್ಜಿ ದುಂಡಗಾಗಿಸಿವೆ. ಮೆದು ಖನಿಜಗಳೆಲ್ಲ ಸವೆದು ಹೋಗಿ ಬಹುಪಾಲು ಶುದ್ಧ ಕ್ವಾರ್ಟ್ಸ್ ಉಳಿದಿದೆ. ಕಣಗಳನ್ನು ಬೆಸೆದ ಅಂಟೂ ದುರ್ಬಲ. ಹೀಗಾಗಿ ಗಣಿಯಲ್ಲಿ ಸ್ವಲ್ಪ ಸಿಡಿಮದ್ದು ಸಾಕು, ಕಲ್ಲು ಕಣಕಣವಾಗಿ ಉದುರುತ್ತದೆ. ಪ್ರಕೃತಿಯೇ ಅರ್ಧ ಸಂಸ್ಕರಣೆ ಮುಗಿಸಿಕೊಟ್ಟ ಮರಳಿದು. ಉಳಿದದ್ದು ತೊಳೆಯುವುದು, ಒಣಗಿಸುವುದು, ಜರಡಿ ಹಿಡಿದು ಅಳತೆವಾರು ಬೇರೆ ಮಾಡುವುದು. ಮಾರುಕಟ್ಟೆಯಲ್ಲಿ ಇದಕ್ಕೆ ‘ಉತ್ತರದ ಬಿಳಿ ಮರಳು’ ಎಂಬ ಹೆಸರೇ ಬಿದ್ದಿತು.

ಕಣವನ್ನು ಅಳೆಯುವ ಬಗೆ

ಮರಳಿನ ಗುಣವನ್ನು ನಿರ್ಧರಿಸಲು ಅಮೆರಿಕನ್ ಪೆಟ್ರೋಲಿಯಮ್ ಇನ್‌ಸ್ಟಿಟ್ಯೂಟ್ 1983ರಲ್ಲಿ ಒಂದು ಶಿಫಾರಸು ಪದ್ಧತಿಯನ್ನು ಪ್ರಕಟಿಸಿತು. ಮುಂದೆ 2006ರ ಅಂತರರಾಷ್ಟ್ರೀಯ ಮಾನಕವೊಂದು ಅದರ ಸ್ಥಾನಕ್ಕೆ ಬಂತು. ಗಣಿ ತೆರೆಯಬೇಕೆನ್ನುವವರು ಮೊದಲು ಕೊರೆದ ಮಾದರಿಗಳನ್ನು ಈ ಪರೀಕ್ಷೆಗಳಿಗೆ ಕಳುಹಿಸುತ್ತಾರೆ. ಹೂಡಿಕೆದಾರರ ಮುಂದೆ ಇಡುವ ವರದಿಯ ಹೃದಯಭಾಗ ಇದೇ.

ಪರೀಕ್ಷೆಗಳು ಹೀಗಿವೆ. ಹೇಳಿದ ಎರಡು ಜರಡಿಗಳ ನಡುವೆ ಕನಿಷ್ಠ 90 ಭಾಗ ಕಣಗಳು ನಿಲ್ಲಬೇಕು. ಆಮ್ಲದಲ್ಲಿ ಕರಗುವ ಅಂಶ ಶೇಕಡಾ 2 ಅಥವಾ 3ನ್ನು ಮೀರಬಾರದು. ಗೋಲೀಯತೆ ಮತ್ತು ದುಂಡುತನ ಎರಡೂ 0.6ಕ್ಕಿಂತ ಕಡಿಮೆ ಇರಬಾರದು. ತೊಳೆದ ನೀರಿನ ಕದಡು 250 ಮಾನಗಳ ಒಳಗಿರಬೇಕು. ಕೊನೆಯದು ಅದುಮುವ ಪರೀಕ್ಷೆ. ಉಕ್ಕಿನ ಬಟ್ಟಲಿನಲ್ಲಿ ಮರಳು ಹರಡಿ, ಮೇಲಿನಿಂದ ಕೊಂತವನ್ನು ಒತ್ತಿ, ಎರಡು ನಿಮಿಷ ಹಾಗೇ ಹಿಡಿದು, ಆಮೇಲೆ ಎಷ್ಟು ಪುಡಿಯಾಯಿತೆಂದು ತೂಗುತ್ತಾರೆ. ಪುಡಿ ಶೇಕಡಾ 10ನ್ನು ಮೀರದಿರುವ ಅತಿ ಹೆಚ್ಚಿನ ಪೀಡನವನ್ನು ಸಾವಿರ ಪಿಎಸ್‌ಐಗಳಲ್ಲಿ ಹೇಳಿದರೆ ಅದೇ ಮರಳಿನ ದರ್ಜೆ. ‘6-ಕೆ’ ಮರಳೆಂದರೆ 6000 ಪಿಎಸ್‌ಐ, ಅಂದರೆ ಸುಮಾರು 41 ಮೆಗಾಪಾಸ್ಕಲ್ ತಾಳಿದ ಮರಳು.

ಮಾನಕವೆಂದರೆ ಪ್ರಶ್ನಿಸಬಾರದ ವಸ್ತು ಎಂಬ ಭಾವನೆ ನಮ್ಮ ಪ್ರಯೋಗಾಲಯಗಳಲ್ಲಿ ಬೇರೂರಿದೆ. ಇಲ್ಲಿ ಕನಿಷ್ಠ ಮೂರು ಪ್ರಶ್ನೆಗಳನ್ನು ಕೇಳಬಹುದು. ಮೊದಲನೆಯದು ದುಂಡುತನದ್ದು. ಇದನ್ನು ಕ್ರಂಬೈನ್ ಮತ್ತು ಸ್ಲಾಸ್ ಎಂಬ ಭೂವಿಜ್ಞಾನಿಗಳು 1963ರಲ್ಲಿ ಕೊಟ್ಟ ಚಿತ್ರಪಟದೊಡನೆ ಹೋಲಿಸಿ ಕಣ್ಣಂದಾಜಿನಲ್ಲಿ ನಿರ್ಧರಿಸಲಾಗುತ್ತಿತ್ತು. ನೋಡುವುದು ಇಪ್ಪತ್ತು ಕಣ! ಕೋಟ್ಯಂತರ ಟನ್ನಿನ ನಿಕ್ಷೇಪದ ಒಂದು ಗುಣಾಂಕ ಇಪ್ಪತ್ತು ಕಣಗಳ ಮೇಲೆ ನಿಂತಿದೆ. ಇಪ್ಪತ್ತು ಕಣಗಳ ಸರಾಸರಿಯ ಜೊತೆ ದೋಷದ ಅಂದಾಜನ್ನು ಬರೆಯದ ಬಿ.ಎಸ್ಸಿ. ವಿದ್ಯಾರ್ಥಿಗೆ ನಾವು ಪ್ರಾಯೋಗಿಕ ಪರೀಕ್ಷೆಯಲ್ಲಿ ಅಂಕ ಕಡಿತ ಮಾಡುತ್ತೇವೆ.

ಎರಡನೆಯದು ‘ಪುಡಿ’ ಎಂಬುದರ ವ್ಯಾಖ್ಯೆ. ಆಯಾ ದರ್ಜೆಯ ಕೆಳಗಿನ ಜರಡಿಯಿಂದ ಇಳಿದುಹೋದದ್ದು ಮಾತ್ರ ಇಲ್ಲಿ ಪುಡಿ. 40/70 ದರ್ಜೆಯಲ್ಲಿ 0.42 ಮಿ.ಮೀ. ಕಣವೊಂದು ಒಡೆದು 0.3 ಮಿ.ಮೀ. ಚೂರಾದರೆ ಅದು ಜರಡಿಯ ಮೇಲೆಯೇ ಉಳಿಯುತ್ತದೆ, ಲೆಕ್ಕಕ್ಕೆ ಸಿಗುವುದಿಲ್ಲ. ಒಡೆದ ಕಣಕ್ಕೆ ಚೂಪು ಅಂಚು ಬಂದಿದೆ, ಸಂದಿಯ ಆಕಾರ ಬದಲಾಗಿದೆ. ದರ್ಜೆ ಮಾತ್ರ ಬದಲಾಗಿಲ್ಲ.

ಮೂರನೆಯದು ಎಲ್ಲಕ್ಕಿಂತ ಮುಖ್ಯ. ಉಕ್ಕಿನ ಬಟ್ಟಲಿನಲ್ಲಿ ಎರಡು ನಿಮಿಷ ಒಣ ಮರಳು ತಾಳಿದ ಭಾರಕ್ಕೂ, ಮೆದುವಾದ ಶೇಲ್ ಗೋಡೆಗಳ ನಡುವೆ, ಬಿಸಿ ಉಪ್ಪುನೀರಿನಲ್ಲಿ, ವರ್ಷಗಟ್ಟಲೆ ಅದು ಒದಗಿಸುವ ದಾರಿಗೂ ನೇರ ಸಂಬಂಧವಿಲ್ಲ. ಇದನ್ನರಿತು ಇನ್ನೊಂದು ಪರೀಕ್ಷೆ ಬಂತು. ಅದರಲ್ಲಿ ಮರಳುಗಲ್ಲಿನ ಬಿಲ್ಲೆಗಳ ನಡುವೆ ಮರಳಿಟ್ಟು, ಬಿಸಿ ಮಾಡಿ, 50 ಗಂಟೆ ಅದುಮಿ, ದ್ರವ ಹರಿಸಿ ವಾಹಕತೆಯನ್ನು ಅಳೆಯುತ್ತಾರೆ. ಇದು ಹೆಚ್ಚು ಪ್ರಾಮಾಣಿಕ ಪರೀಕ್ಷೆ. ಆದರೂ ಕಣ ಗೋಡೆಯಲ್ಲಿ ಹುದುಗುವುದು, ಅನಿಲ ಮತ್ತು ದ್ರವ ಒಟ್ಟಿಗೆ ಹರಿಯುವುದು, ಜಿಗುಟು ಕಲ್ಮಶ ಉಳಿಯುವುದು ಎಲ್ಲ ಸೇರಿದಾಗ ನಿಜವಾದ ಬಾವಿಯಲ್ಲಿ ವಾಹಕತೆ ಪ್ರಯೋಗಾಲಯದ ಅಂಕಿಯ ಸಣ್ಣ ಅಂಶಕ್ಕೆ ಕುಸಿಯಬಹುದೆಂದು ತೈಲ ಎಂಜಿನಿಯರುಗಳೇ ಬರೆದಿದ್ದಾರೆ.

ಕಣ ಹೊರಬೇಕಾದ ಭಾರವೆಷ್ಟು? ಅಂದಾಜು ಮಾಡುವುದು ಕಷ್ಟವಲ್ಲ. 3000 ಮೀಟರ್ ಆಳದಲ್ಲಿ, ಶಿಲೆಯ ಸಾಂದ್ರತೆ ಘನಮೀಟರಿಗೆ 2500 ಕಿ.ಗ್ರಾಂ ಎಂದುಕೊಂಡರೆ, ಮೇಲಿನ ಹೊರೆ ಸುಮಾರು 73 ಮೆಗಾಪಾಸ್ಕಲ್. ಆದರೆ ಬಿರುಕು ಸಾಮಾನ್ಯವಾಗಿ ಲಂಬವಾಗಿರುವುದರಿಂದ ಅದನ್ನು ಮುಚ್ಚುವುದು ಅಡ್ಡದಿಕ್ಕಿನ ಕನಿಷ್ಠ ಪೀಡನ. ಅದು ಮೂರನೇ ಎರಡರಷ್ಟಿದ್ದರೆ 49 ಮೆಗಾಪಾಸ್ಕಲ್. ಇದೆಲ್ಲವೂ ಕಣದ ತಲೆಯ ಮೇಲೆ ಬೀಳುವುದಿಲ್ಲ. ಬಿರುಕಿನೊಳಗಿನ ದ್ರವದ ಒತ್ತಡ ಒಂದು ಪಾಲನ್ನು ಹೊರುತ್ತದೆ. ಬಾವಿಯ ತಳದಲ್ಲಿ 20 ಮೆಗಾಪಾಸ್ಕಲ್ ಒತ್ತಡವಿದ್ದರೆ ಕಣದ ಪಾಲಿಗೆ ಉಳಿಯುವುದು 29, ಅಂದರೆ ಸುಮಾರು 4200 ಪಿಎಸ್‌ಐ. ಬಾವಿ ಬರಿದಾಗುತ್ತ ಒತ್ತಡ 10ಕ್ಕೆ ಇಳಿದರೆ ಕಣದ ಹೊರೆ 39, ಸುಮಾರು 5600 ಪಿಎಸ್‌ಐ. (ಶಿಲೆಯೊಳಗಿನ ಒತ್ತಡ ಇಳಿದಾಗ ಮುಚ್ಚುವ ಪೀಡನವೂ ಒಂದಿಷ್ಟು ಇಳಿಯುತ್ತದೆ. ಸರಳತೆಗಾಗಿ ಅದನ್ನು ಬಿಟ್ಟಿದ್ದೇನೆ. ಸೇರಿಸಿದರೆ ಕಣದ ಹೊರೆ ಇನ್ನೂ ಕಡಿಮೆಯೇ ಆಗುತ್ತದೆ.) ಲೂಸಿಯಾನಾದ ಹೇನ್ಸ್‌ವಿಲ್‌ನಂಥ ಆಳದ, ಅಧಿಕ ಪೀಡನದ ಕ್ಷೇತ್ರಗಳ ಮಾತು ಬೇರೆ. ಆದರೆ ಮಧ್ಯಮ ಆಳದ ಬಹಳಷ್ಟು ಬಾವಿಗಳಿಗೆ ಶ್ರೇಷ್ಠ ಕಣದ ಅಗತ್ಯವೇ ಇರಲಿಲ್ಲ ಎಂಬ ಸೂಚನೆ ಈ ಕೂಡು-ಕಳೆಯುವ ಲೆಕ್ಕದಲ್ಲಿಯೇ ಇತ್ತು.

ಹರಿವಿನ ಲೆಕ್ಕ

ಇನ್ನು ದಾರಿ ಬಿಡುವ ಗುಣ. ಮರಳಿನ ರಾಶಿಯ ಪಾರಗಮ್ಯತೆ ಕಣದ ವ್ಯಾಸದ ವರ್ಗಕ್ಕೆ ಅನುಪಾತದಲ್ಲಿದೆ ಎಂಬುದು ಕೊಜೆನಿ ಮತ್ತು ಕಾರ್ಮನ್ ಅವರ ಸಮೀಕರಣದ ಸಾರ. 20/40 ದರ್ಜೆಯ ಕಣದ ವ್ಯಾಸ ಸರಾಸರಿ 0.6 ಮಿ.ಮೀ. ಮತ್ತು ಸರಂಧ್ರತೆ 0.38 ಎಂದು ಹಾಕಿದರೆ ಪಾರಗಮ್ಯತೆ ಸುಮಾರು 290 ಡಾರ್ಸಿ ಬರುತ್ತದೆ. ‘100 ಮೆಶ್’ ಎಂದು ಕರೆಯಲಾಗುವ ನಯ ಮರಳಿನ ವ್ಯಾಸ 0.15 ಮಿ.ಮೀ., ನಾಲ್ಕನೆಯ ಒಂದು ಭಾಗ. ಆದ್ದರಿಂದ ಪಾರಗಮ್ಯತೆ ಹದಿನಾರನೆಯ ಒಂದು ಭಾಗ, ಸುಮಾರು 18 ಡಾರ್ಸಿ. ದಪ್ಪ ಕಣ ಗೆದ್ದಂತೆ ಕಾಣುತ್ತದೆ. ಗಣಿಯ ವರದಿಗಳು ಇಲ್ಲಿಗೆ ನಿಲ್ಲುತ್ತಿದ್ದವು.

ನಿಲ್ಲಬಾರದಾಗಿತ್ತು. ಬಾವಿಗೆ ಎಷ್ಟು ತೈಲ ಬರುತ್ತದೆ ಎಂಬುದನ್ನು ಬಿರುಕಿನ ಪಾರಗಮ್ಯತೆಯೊಂದೇ ನಿರ್ಧರಿಸುವುದಿಲ್ಲ. ಬಿರುಕಿನ ಪಾರಗಮ್ಯತೆ ಮತ್ತು ಅಗಲದ ಗುಣಲಬ್ಧವನ್ನು ಶಿಲೆಯ ಪಾರಗಮ್ಯತೆ ಮತ್ತು ಬಿರುಕಿನ ಅರ್ಧ ಉದ್ದದ ಗುಣಲಬ್ಧದಿಂದ ಭಾಗಿಸಬೇಕು. ಹೀಗೆ ಸಿಗುವ ಆಯಾಮರಹಿತ ಸಂಖ್ಯೆಯೇ ನಿರ್ಣಾಯಕ. 1961ರಲ್ಲಿ ಪ್ರಾಟ್ಸ್, 1978ರಲ್ಲಿ ಸಿಂಕೋ-ಲೇ ಮತ್ತು ಸಂಗಡಿಗರು ಈ ವಿಷಯವನ್ನು ವಿಶದಪಡಿಸಿದ್ದಾರೆ. ಈ ಸಂಖ್ಯೆ ಸ್ಥೂಲವಾಗಿ 30ನ್ನು ದಾಟಿದ ಮೇಲೆ ಬಿರುಕನ್ನು ಇನ್ನಷ್ಟು ಸುಗಮಗೊಳಿಸಿ ಹೆಚ್ಚಿನ ಪ್ರಯೋಜನವಿಲ್ಲ. ಊರಿಗೆ ಬರುವ ಹಾದಿ ಕಾಲುದಾರಿಯಾಗಿರುವಾಗ ಊರೊಳಗಿನ ರಸ್ತೆಯನ್ನು ಎಂಟು ಪಥಕ್ಕೆ ಅಗಲಿಸಿದಂತೆ.

ಶೇಲ್‌ನ ಪಾರಗಮ್ಯತೆ 100 ನ್ಯಾನೊಡಾರ್ಸಿ, ಬಿರುಕಿನ ಅಗಲ 3 ಮಿ.ಮೀ., ಅರ್ಧ ಉದ್ದ 100 ಮೀಟರ್ ಎಂದಿಟ್ಟುಕೊಳ್ಳೋಣ. ಕೀಳೆಂದು ತಳ್ಳಿದ ನಯ ಮರಳನ್ನೇ ಹಾಕಿದರೂ ಆಯಾಮರಹಿತ ಸಂಖ್ಯೆ 5400 ಬರುತ್ತದೆ. ನಿಜವಾದ ಬಾವಿಯ ನಷ್ಟಗಳಿಗಾಗಿ ಶೇಕಡಾ 99ನ್ನು ಕಳೆದರೂ 54 ಉಳಿಯುತ್ತದೆ. ದಪ್ಪ ಬಿಳಿ ಮರಳು ಹಾಕಿದರೆ ಇದು ಹದಿನಾರು ಪಟ್ಟು ಆಗಬಹುದು, ಆದರೆ ಆ ಹದಿನಾರು ಪಟ್ಟಿನಿಂದ ಬಾವಿಯ ಇಳುವರಿಗೆ ಬರುವ ಲಾಭ ಅತ್ಯಲ್ಪ. ಶ್ರೇಷ್ಠ ಕಣ ಬೇಕಾದದ್ದು ಮಿಲಿಡಾರ್ಸಿ ಪಾರಗಮ್ಯತೆಯ ಹಳೆಯ ಮರಳುಗಲ್ಲಿನ ಬಾವಿಗಳಿಗೆ. ಆ ಕಾಲಕ್ಕೆಂದು ರೂಪುಗೊಂಡ ಮಾನಕವನ್ನು ಹತ್ತು ಸಾವಿರ ಪಟ್ಟು ಬಿಗಿಯಾದ ಶೇಲ್‌ಗೆ ಹಾಗೆಯೇ ಎತ್ತಿಕೊಂಡದ್ದು ಮೂಲ ಲೋಪ ಎಂದು ನನ್ನ ಅಭಿಪ್ರಾಯ.

ನಯ ಕಣಕ್ಕೆ ಇನ್ನೂ ಒಂದು ಅನುಕೂಲವಿದೆ. ತೆಳು ನೀರಿನಲ್ಲಿ 0.6 ಮಿ.ಮೀ. ಕಣ ಸೆಕೆಂಡಿಗೆ ಸುಮಾರು 8 ಸೆಂ.ಮೀ. ವೇಗದಲ್ಲಿ ಮುಳುಗಿದರೆ 0.15 ಮಿ.ಮೀ. ಕಣ ಸುಮಾರು 1.5 ಸೆಂ.ಮೀ. ವೇಗದಲ್ಲಿ ಮುಳುಗುತ್ತದೆ. ಬೇಗ ಮುಳುಗಿದ ಕಣ ಬಾವಿಯ ಬಾಯಲ್ಲೇ ದಿಬ್ಬವಾಗುತ್ತದೆ. ನಿಧಾನವಾಗಿ ಮುಳುಗುವುದು ಬಿರುಕಿನ ದೂರದ ಮೂಲೆಗೆ ತಲುಪುತ್ತದೆ. ಜೊತೆಗೆ ಸಣ್ಣ ಕಣದಲ್ಲಿ ದೊಡ್ಡ ಬಿರುಕುದೋಷಗಳಿರುವ ಸಂಭವ ಕಡಿಮೆ. ಗ್ರಿಫಿತ್ ತೋರಿಸಿದಂತೆ ಭಂಗುರ ವಸ್ತುವಿನ ಬಲ ಅದರ ಅತಿ ದೊಡ್ಡ ದೋಷದಿಂದ ನಿರ್ಧಾರವಾಗುವುದರಿಂದ, ಅದೇ ಕ್ವಾರ್ಟ್ಸ್ ನಯವಾದಾಗ ಅದುಮುವ ಪರೀಕ್ಷೆಯಲ್ಲಿ ಮೇಲಿನ ದರ್ಜೆ ಪಡೆಯುತ್ತದೆ.

ಹಿಂದೆ ಇದೇ ನಯ ಮರಳಿಗೆ ಬೆಲೆಯಿಲ್ಲದೆ, ತೊಳೆದ ಮೇಲೆ ಅದನ್ನು ಗಣಿಯ ಗುಂಡಿಗೇ ಮರಳಿ ಸುರಿಯುತ್ತಿದ್ದರು.

ಗಿರಾಕಿ ತಿರುಗಿದ ಬಗೆ

2014ರ ಕೊನೆಯಲ್ಲಿ ತೈಲ ಬೆಲೆ ಕುಸಿದಾಗ ಬಾವಿಯವರು ಖರ್ಚಿನ ಪಟ್ಟಿಯನ್ನು ಮತ್ತೆ ತೆರೆದರು. ಪಶ್ಚಿಮ ಟೆಕ್ಸಸ್‌ನ ಪರ್ಮಿಯನ್ ಜಲಾನಯನದಲ್ಲಿ ಒಂದು ಬಾವಿಯ ಅಡ್ಡ ಕೊಳವೆ 3 ಕಿ.ಮೀ. ಇರಬಹುದು. ಮೀಟರಿಗೆ 3 ಟನ್ ಮರಳು ಹಾಕಿದರೆ ಬಾವಿಗೆ 9000 ಟನ್, ಅಂದರೆ ಹೆಚ್ಚುಕಡಿಮೆ ನೂರು ವ್ಯಾಗನ್ನುಗಳ ಒಂದು ಇಡೀ ರೈಲು. ವಿಸ್ಕಾನ್ಸಿನ್‌ನಿಂದ ಅಲ್ಲಿಗೆ ಸುಮಾರು 2000 ಕಿ.ಮೀ. ದಾರಿ. ಗಣಿಯ ಬಾಗಿಲಿನ ಬೆಲೆಗಿಂತ ಸಾಗಣೆಯ ಖರ್ಚೇ ಎಷ್ಟೋ ಸಲ ಹೆಚ್ಚಾಗುತ್ತಿತ್ತು.

ಬಾವಿಗಳ ಹತ್ತಿರ, ಕರ್ಮಿಟ್ ಮತ್ತು ಮೊನಾಹನ್ಸ್ ಊರುಗಳ ಸುತ್ತ, ಗಾಳಿ ಗುಡ್ಡೆಹಾಕಿದ ಮರಳು ದಿಬ್ಬಗಳಿವೆ. ಕಣ ಅಷ್ಟು ದುಂಡಗಿಲ್ಲ, ಬಣ್ಣ ಕಂದು, ದರ್ಜೆ ಸಾಮಾನ್ಯವಾಗಿ ಬಿಳಿ ಮರಳಿಗಿಂತ ಒಂದೆರಡು ಸಾವಿರ ಪಿಎಸ್‌ಐ ಕಡಿಮೆ. ಆದರೆ ನಯವಾಗಿದೆ, ಹತ್ತಿರದಲ್ಲಿದೆ. 2017ರಲ್ಲಿ ಅಲ್ಲಿ ಮೊದಲ ಗಣಿ ತೆರೆಯಿತು. ಎರಡು ವರ್ಷದೊಳಗೆ ಹನ್ನೆರಡಕ್ಕೂ ಹೆಚ್ಚಾದವು. ಎಪ್ಪತ್ತು ವರ್ಷಗಳ ಹಿಂದೆ ಕಿಟಕಿಯ ಬಲೆಯಲ್ಲಿ ಸೋಸಿದ ಸ್ಥಳೀಯ ಮರಳಿಗೆ ಉದ್ಯಮ ಮರಳಿ ಬಂದಿತ್ತು.

2018ರ ಸುಮಾರಿಗೆ ಅಮೆರಿಕದಲ್ಲಿ ವರ್ಷಕ್ಕೆ ಸುಮಾರು 12 ಕೋಟಿ ಟನ್ ಕೈಗಾರಿಕಾ ಮರಳು ತೆಗೆಯಲಾಗುತ್ತಿತ್ತು. ಅದರ ಮೂರನೇ ಎರಡು ಭಾಗಕ್ಕಿಂತ ಹೆಚ್ಚು ಫ್ರಾಕಿಂಗ್‌ಗೆ. ಒಟ್ಟು ಬೇಡಿಕೆ ಇಷ್ಟಿದ್ದಾಗಲೇ ವಿಸ್ಕಾನ್ಸಿನ್ ಸೋಲತೊಡಗಿತ್ತು. ಎಮರ್ಜ್ ಎನರ್ಜಿ ಸರ್ವಿಸಸ್ 2019ರ ಜುಲೈನಲ್ಲಿ, ಕೋವಿಯಾ 2020ರ ಜೂನ್‌ನಲ್ಲಿ, ಹೈ-ಕ್ರಶ್ 2020ರ ಜುಲೈನಲ್ಲಿ ದಿವಾಳಿ ರಕ್ಷಣೆ ಕೋರಿದವು. ಎಲ್ಲವನ್ನೂ ಕೋವಿಡ್ ತಲೆಗೆ ಕಟ್ಟುವವರು ಮೊದಲನೆಯದರ ದಿನಾಂಕವನ್ನು ಗಮನಿಸಬೇಕು. ಟೆಕ್ಸಸ್‌ನ ಮರಳಿಗೂ ಅಮರತ್ವ ಸಿಕ್ಕಿಲ್ಲ. ಅಲ್ಲಿನ ವಿಸ್ಟಾ ಪ್ರಾಪಂಟ್ಸ್ ಕಂಪನಿಯೂ 2020ರ ಜೂನ್‌ನಲ್ಲೇ ಅದೇ ಬಾಗಿಲು ತಟ್ಟಿತು. ಉಳಿದವರ ಸ್ಪರ್ಧೆ ಈಗ ಸಾಗಣೆಯದ್ದೇ. ಅಟ್ಲಾಸ್ ಕಂಪನಿ ಕರ್ಮಿಟ್ ಬಳಿಯಿಂದ ನ್ಯೂ ಮೆಕ್ಸಿಕೊದವರೆಗೆ ಸುಮಾರು 68 ಕಿ.ಮೀ. ಉದ್ದದ ಸಾಗಣೆ ಪಟ್ಟಿಯನ್ನೇ ಹಾಕಿದೆ. 2025ರ ಆರಂಭದಲ್ಲಿ ಅದರ ಮೇಲೆ ಮರಳು ಹರಿಯತೊಡಗಿತು. ದಿಬ್ಬಗಳ ಗಿಡ್ಡ ಓಕ್ ಪೊದೆಗಳಲ್ಲಷ್ಟೇ ಬದುಕುವ ಒಂದು ಪುಟ್ಟ ಹಲ್ಲಿಯನ್ನು 2024ರ ಮೇ ತಿಂಗಳಲ್ಲಿ ಅಮೆರಿಕ ಸರ್ಕಾರ ಅಳಿವಿನಂಚಿನ ಜೀವಿಯೆಂದು ಘೋಷಿಸಿದೆ. ಅದರ ಕಥೆ ಪ್ರತ್ಯೇಕ ಲೇಖನಕ್ಕೆ ಯೋಗ್ಯ.

ವಿಸ್ಕಾನ್ಸಿನ್‌ನ ಗ್ರಾಮಸಮುದಾಯಗಳ ಬಗ್ಗೆ ಮಾನವಶಾಸ್ತ್ರಜ್ಞ ಥಾಮಸ್ ಪಿಯರ್‌ಸನ್ 2017ರಲ್ಲಿ ಒಂದು ಪುಸ್ತಕ ಬರೆದಿದ್ದಾರೆ. ಗುಡ್ಡಗಳು ಹೋದ ಮೇಲೆ ಊರಿಗೇನಾಗುತ್ತದೆ ಎಂಬುದು ಅದರ ಕಾಳಜಿ. ಆದರೆ ಪುಸ್ತಕ ಅಚ್ಚಾದ ವರ್ಷವೇ ಟೆಕ್ಸಸ್‌ನ ಗಣಿ ತೆರೆದದ್ದು. ಗುಡ್ಡದ ಜೊತೆಗೆ ಗಣಿಯೂ ಹೋದರೆ ಏನು ಎಂಬ ಪ್ರಶ್ನೆ ಆಮೇಲಿನದು. ಗಣಿ ಮುಗಿದ ಭೂಮಿಯನ್ನು ಸರಿಪಡಿಸಲು ಮುಂಗಡ ಭದ್ರತೆ ಇಡಬೇಕೆಂಬ ನಿಯಮ ಆ ರಾಜ್ಯದಲ್ಲಿದೆ, ಮೆಚ್ಚಬೇಕಾದ ನಿಯಮ. ಆದರೂ ಗಣಿ ಯೋಜನೆ ಇಪ್ಪತ್ತು ಮೂವತ್ತು ವರ್ಷಗಳದ್ದು, ಹಂತಹಂತವಾಗಿ ತೆಗೆದು ಹಂತಹಂತವಾಗಿ ಮುಚ್ಚುವಂಥದ್ದು. ನಡುವೆ ನಿಂತುಹೋದ ಗಣಿಯಲ್ಲಿ ತೆರೆದ ಗೋಡೆಗಳಿರುತ್ತವೆ, ಒಣಗುತ್ತಿರುವ ಕೆಸರುಕೊಳಗಳಿರುತ್ತವೆ. ಈ ಕೊಳಗಳ ಅಪಾಯ ಊಹೆಯದ್ದಲ್ಲ. 2018ರ ಮೇ ತಿಂಗಳಲ್ಲಿ ವೈಟ್‌ಹಾಲ್ ಬಳಿಯ ಗಣಿಯೊಂದರಲ್ಲಿ ಬುಲ್ಡೋಜರ್ ಕೊಳಕ್ಕೆ ಜಾರಿತು. ಒಳಗೆ ಸಿಕ್ಕಿದ್ದ ಕೆಲಸಗಾರನನ್ನು ಉಳಿಸಲು ಸುಮಾರು ಒಂದು ಕೋಟಿ ಗ್ಯಾಲನ್ ಕೆಸರು ನೀರನ್ನು ಹೊರಬಿಡಬೇಕಾಯಿತು. ಆತ ಬದುಕಿದ. ಕೆಸರು ಟ್ರೆಂಪಲೋ ನದಿ ಸೇರಿತು.

ದೂಳು

ಮಾನಕ ಅಳೆಯದೆ ಬಿಟ್ಟ ಅತ್ಯಂತ ಗಂಭೀರ ವಿಷಯಕ್ಕೆ ಬರೋಣ. 0.4 ಮಿ.ಮೀ. ಮರಳಿನ ಕಣವನ್ನು ಯಾರೂ ಶ್ವಾಸಕೋಶದ ಆಳಕ್ಕೆ ಎಳೆದುಕೊಳ್ಳಲಾರರು. ಅಪಾಯ ಇರುವುದು ಸುಮಾರು 4 ಮೈಕ್ರೋಮೀಟರಿಗಿಂತ ಸಣ್ಣದಾದ ದೂಳಿನಲ್ಲಿ. 2 ಮೈಕ್ರೋಮೀಟರ್ ವ್ಯಾಸದ ಕಣಗಳಾಗಿ ಪುಡಿ ಮಾಡಿದರೆ ಒಂದು 0.4 ಮಿ.ಮೀ. ಕಣದಿಂದ 80 ಲಕ್ಷ ದೂಳಿನ ಕಣಗಳಾಗುತ್ತವೆ. ಸ್ಟೋಕ್ಸ್ ನಿಯಮದಂತೆ ಅಂಥ ಕಣ ಗಾಳಿಯಲ್ಲಿ ಸೆಕೆಂಡಿಗೆ 0.3 ಮಿ.ಮೀ. ಇಳಿಯುತ್ತದೆ. ಆಳೆತ್ತರದಿಂದ ನೆಲ ಮುಟ್ಟಲು ಗಾಳಿಯಾಡದ ಕೋಣೆಯಲ್ಲೇ ಒಂದೂವರೆ ಗಂಟೆ ಬೇಕು.

ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಸ್ಥೆ ನಿಯೋಶ್ 1974ರಲ್ಲೇ ಘನಮೀಟರ್ ಗಾಳಿಗೆ 50 ಮೈಕ್ರೋಗ್ರಾಂ ಸ್ಫಟಿಕ ಸಿಲಿಕಾದ ಮಿತಿಯನ್ನು ಶಿಫಾರಸು ಮಾಡಿತ್ತು. 1997ರಲ್ಲಿ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಈ ದೂಳನ್ನು ಖಚಿತ ಕ್ಯಾನ್ಸರ್‌ಕಾರಕಗಳ ಪಟ್ಟಿಗೆ ಸೇರಿಸಿತು. 50 ಮೈಕ್ರೋಗ್ರಾಂ ಎಂದರೆಷ್ಟು? ಎಂಟು ಗಂಟೆಯ ಪಾಳಿಯಲ್ಲಿ ದುಡಿಯುವವನು ಸುಮಾರು 10 ಘನಮೀಟರ್ ಗಾಳಿ ಉಸಿರಾಡುತ್ತಾನೆ. ಒಟ್ಟು ಅರ್ಧ ಮಿಲಿಗ್ರಾಂ. ಮೇಲೆ ಹೇಳಿದ ಮರಳಿನ ಒಂದು ಕಣದ ತೂಕ ಸುಮಾರು 90 ಮೈಕ್ರೋಗ್ರಾಂ. ಅಂದರೆ ದಿನದ ಮಿತಿ ಐದಾರು ಮರಳು ಕಣಗಳ ಪುಡಿ! ಬಾವಿಯೊಂದಕ್ಕೆ ಸುರಿಯುವುದು 9000 ಟನ್.

2012ರ ಜೂನ್‌ನಲ್ಲಿ ಇದೇ ಸಂಸ್ಥೆ ಹೊರಡಿಸಿದ ಎಚ್ಚರಿಕೆಯ ಅಂಕಿಗಳು ಕಣ್ಣು ತೆರೆಸುವಂಥವು. ಐದು ರಾಜ್ಯಗಳ 11 ಬಾವಿ ತಾಣಗಳಲ್ಲಿ ಕೆಲಸಗಾರರ ಉಸಿರಿನ ವಲಯದಿಂದ ತೆಗೆದ 116 ಮಾದರಿಗಳಲ್ಲಿ ಶೇಕಡಾ 79 ಈ ಮಿತಿಯನ್ನು ಮೀರಿದ್ದವು; ಶೇಕಡಾ 31 ಹತ್ತು ಪಟ್ಟು ಅಥವಾ ಅದಕ್ಕೂ ಹೆಚ್ಚು ಮೀರಿದ್ದವು. ಮರಳನ್ನು ಗಾಳಿಯ ಒತ್ತಡದಿಂದ ಪಾತ್ರೆಗೆ ತುಂಬುವಲ್ಲಿ, ಸಾಗಣೆ ಪಟ್ಟಿಯಿಂದ ಉದುರುವಲ್ಲಿ ದೂಳು ಏಳುತ್ತಿತ್ತು. ಕಾನೂನಿನ ಮಿತಿ 50 ಮೈಕ್ರೋಗ್ರಾಂಗೆ ಇಳಿದದ್ದು 2016ರಲ್ಲಿ, ಶಿಫಾರಸಾದ 42 ವರ್ಷಗಳ ಬಳಿಕ. ಅದೂ ಬಾವಿಯ ತಾಣಕ್ಕೆ ಮಾತ್ರ. ಗಣಿ ಬೇರೊಂದು ಇಲಾಖೆಯ ವ್ಯಾಪ್ತಿ. ಗಣಿಗಳಿಗೆ ಅದೇ ಮಿತಿಯ ನಿಯಮ ಪ್ರಕಟವಾದದ್ದು 2024ರ ಏಪ್ರಿಲ್‌ನಲ್ಲಿ. ಮರುವರ್ಷವೇ ಅದು ನ್ಯಾಯಾಲಯದ ತಡೆಗೆ ಸಿಲುಕಿತು. ಒಂದೇ ಕಣ, ಎರಡು ಇಲಾಖೆ, ಎರಡು ಮಿತಿ. ಶ್ವಾಸಕೋಶ ಮಾತ್ರ ಒಂದೇ ಬಗೆಯದು.

ಈ ವಿಷಯದಲ್ಲಿ ಉತ್ಪ್ರೇಕ್ಷೆಯೂ ನಡೆದಿದೆ. ಗಣಿಯ ಬೇಲಿಯಾಚೆ ವಾಸಿಸುವವರೆಲ್ಲರಿಗೂ ಸಿಲಿಕೋಸಿಸ್ ಬರುತ್ತದೆಂಬ ಪ್ರಚಾರಕ್ಕೆ ಅಳತೆಗಳ ಬೆಂಬಲ ಸಿಕ್ಕಿಲ್ಲ. ಅಯೋವಾ ವಿಶ್ವವಿದ್ಯಾನಿಲಯದ ಸಂಶೋಧಕರು ಗಣಿಗಳ ಸಮೀಪದ ಮನೆಗಳ ಬಳಿ ಗಾಳಿಯ ಮಾದರಿ ತೆಗೆದು 2017ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ದೀರ್ಘಕಾಲಿಕ ಕಾಯಿಲೆಗೆ ಕಾರಣವಾಗುವಷ್ಟು ಸಿಲಿಕಾ ಕಂಡುಬರಲಿಲ್ಲ. ನೆರೆಹೊರೆಯವರ ಶಬ್ದ, ಲಾರಿ, ನೀರು, ಕಳೆದುಹೋದ ಗುಡ್ಡ ಇವುಗಳ ದೂರು ನ್ಯಾಯವಾದದ್ದೇ. ಆದರೆ ದೂಳಿನ ನಿಜವಾದ ಹೊರೆ ಬಿದ್ದಿರುವುದು ಒಳಗೆ ದುಡಿಯುವವರ ಮೇಲೆ. ಬೇಲಿಯಾಚೆಯ ಗದ್ದಲದಲ್ಲಿ ಅವರ ಸುದ್ದಿ ಎರಡನೆಯ ಪುಟಕ್ಕೆ ಸರಿಯಿತು.

ಕನ್ನಡಿಗರಿಗೆ ಇದು ದೂರದ ಸಂಗತಿಯಾಗಬಾರದು. ಭಾರತದಲ್ಲಿ ಸಿಲಿಕೋಸಿಸ್‌ನ ಮೊದಲ ವರದಿ ಎಂದು ಸಾಮಾನ್ಯವಾಗಿ ಉಲ್ಲೇಖಿಸುವುದು 1947ರದ್ದನ್ನು, ಕೋಲಾರದ ಚಿನ್ನದ ಗಣಿಗಳಿಂದ ಬಂದದ್ದನ್ನು. ಅಲ್ಲಿ ಚಿನ್ನವಿದ್ದದ್ದು ಕ್ವಾರ್ಟ್ಸ್ ಸಿರಗಳಲ್ಲಿ. ಕೊರೆದವರು ಚಿನ್ನವನ್ನು ಮೇಲಕ್ಕೆ ಕಳುಹಿಸಿ ಕ್ವಾರ್ಟ್ಸನ್ನು ಎದೆಯಲ್ಲಿ ಉಳಿಸಿಕೊಂಡರು. ಗಣಿ 2001ರಲ್ಲಿ ಮುಚ್ಚಿತು.

ಭೌತಶಾಸ್ತ್ರದ ದೃಷ್ಟಿಯಿಂದ ಇನ್ನೊಂದು ಅಂಶ ಮುಖ್ಯ. ಹಳೆಯ, ಸವೆದ ಕ್ವಾರ್ಟ್ಸ್ ಮೇಲ್ಮೈಗಿಂತ ಆಗಷ್ಟೇ ಒಡೆದ ಮೇಲ್ಮೈ ಹೆಚ್ಚು ವಿಷಕಾರಿ. ಸಿಲಿಕಾನ್–ಆಮ್ಲಜನಕ ಬಂಧಗಳು ಮುರಿದಾಗ ಜೊತೆಯಿಲ್ಲದ ಎಲೆಕ್ಟ್ರಾನುಗಳು ಮೇಲ್ಮೈಯಲ್ಲಿ ಉಳಿಯುತ್ತವೆ, ಜೀವಕೋಶದೊಡನೆ ತೀವ್ರವಾಗಿ ವರ್ತಿಸುತ್ತವೆ, ಕಾಲಕ್ರಮದಲ್ಲಿ ತಣಿಯುತ್ತವೆ. ಆದ್ದರಿಂದ ಕಣ ಎಲ್ಲಿ, ಯಾವಾಗ ಒಡೆಯಿತು ಎಂಬ ಪ್ರಶ್ನೆ ಎಷ್ಟು ಒಡೆಯಿತು ಎಂಬುದರಷ್ಟೇ ದೊಡ್ಡದು. ಅದುಮುವ ಪರೀಕ್ಷೆ ಕೇಳುವುದು ಮೂರು ಕಿಲೋಮೀಟರ್ ಆಳದಲ್ಲಿ, ಯಾರೂ ಉಸಿರಾಡದ ಜಾಗದಲ್ಲಿ ಆಗುವ ಪುಡಿಯನ್ನು ಮಾತ್ರ. ಅಲ್ಲಿಗೆ ತಲುಪುವ ಮುನ್ನ ಮರಳು ಒಣಗಿಸುವ ಉರುಳೆಯಲ್ಲಿ ಹೊರಳುತ್ತದೆ, ಜರಡಿಗಳ ಮೇಲೆ ಕುಣಿಯುತ್ತದೆ, ವ್ಯಾಗನ್ನಿಗೆ ಬೀಳುತ್ತದೆ, ಕೊಳವೆಯಲ್ಲಿ ಗಾಳಿಯೊಡನೆ ಗೋಡೆಗೆ ಉಜ್ಜಿಕೊಂಡು ಹಾರುತ್ತದೆ. ಪ್ರತಿ ಹಂತದಲ್ಲೂ ಅಂಚುಗಳು ಮುರಿಯುತ್ತವೆ.

ವಿಚಿತ್ರವೆಂದರೆ ಇದಕ್ಕೆ ಹತ್ತಿರದ ಒಂದು ಅಳತೆ ಮಾನಕದಲ್ಲೇ ಇದೆ. ಕದಡು ಪರೀಕ್ಷೆಯಲ್ಲಿ ಮರಳನ್ನು ನೀರಿನಲ್ಲಿ ಕುಲುಕಿ, ತೇಲುವ ಸೂಕ್ಷ್ಮ ಕಣಗಳು ಬೆಳಕನ್ನು ಎಷ್ಟು ಚದುರಿಸುತ್ತವೆ ಎಂದು ನೋಡುತ್ತಾರೆ. ಸೂಕ್ಷ್ಮ ಕಣಗಳು ಬಿರುಕಿನ ಸಂದಿಯನ್ನು ಮುಚ್ಚಿಬಿಟ್ಟಾವು ಎಂಬ ಭಯದಿಂದ, ಬಾವಿಯ ಹಿತಕ್ಕಾಗಿ ಇಟ್ಟ ಪರೀಕ್ಷೆಯದು. ಅದೇ ಮರಳನ್ನು ಗಣಿಯ ಬಾಗಿಲಲ್ಲಿ ಒಮ್ಮೆ, ಬಾವಿಯ ಬಾಯಿಯಲ್ಲಿ ಇನ್ನೊಮ್ಮೆ ಪರೀಕ್ಷಿಸಿ ವ್ಯತ್ಯಾಸವನ್ನು ಬರೆದರೆ ದಾರಿಯಲ್ಲಿ ಎಷ್ಟು ಹೊಸ ದೂಳು ಹುಟ್ಟಿತೆಂಬುದರ ಸ್ಥೂಲ ಅಂದಾಜು ಸಿಗುತ್ತದೆ. ಕದಡುಮಾಪಕ ಇರುವ ಯಾವುದೇ ಕಾಲೇಜಿನ ಪ್ರಯೋಗಾಲಯದಲ್ಲಿ ಇದನ್ನು ಮಾಡಿನೋಡಬಹುದು: ತೊಳೆದು ಒಣಗಿಸಿದ ಮರಳನ್ನು ಬಿಗಿ ಮುಚ್ಚಳದ ಡಬ್ಬಿಯಲ್ಲಿ ಹತ್ತು ನಿಮಿಷ ಕುಲುಕಿ, ಡಬ್ಬಿಯ ಮುಚ್ಚಳದ ಸಣ್ಣ ತೂತಿನಿಂದ ನೀರು ತುಂಬಿದ ಮೇಲಷ್ಟೇ ಅದನ್ನು ತೆರೆದು, ಕುಲುಕದ ಮರಳಿನ ಕದಡಿನೊಡನೆ ಹೋಲಿಸಬೇಕು. ಕುಲುಕುವಾಗ ಆ ತೂತಿಗೆ ಮೇಣ ಹಚ್ಚಿರಬೇಕು. ಒಣ ದೂಳನ್ನು ಯಾವ ಕಾರಣಕ್ಕೂ ತರಗತಿಯ ಗಾಳಿಗೆ ಬಿಡಬಾರದು.